ಮೇಸ್ತ್ರಿಗೆ ಕೊಟ್ಟ ಹಣ

ಹರಿಹರದ ಸಮೀಪದ ಭಾನುವಳ್ಳಿಯಲ್ಲಿ ಗೃಹಸ್ಥನೊಬ್ಬನು ಹಿರಿಯರ ಮನೆಗೆ ಎರಡು ಕೋಣೆಗಳನ್ನು ಕೂಡಿಸುತ್ತಿದ್ದಾನೆಂದು ಭಾವಿಸೋಣ. ಕೆಲಸವೆಲ್ಲವೂ ಒಬ್ಬ ಮೇಸ್ತ್ರಿಯ ಗುತ್ತಿಗೆ. ಆತನು ನೆಲಕ್ಕೆ ಟೈಲ್ಸ್ ಹಾಕುವುದನ್ನು ಒಬ್ಬನಿಗೂ, ಬಾಗಿಲು ಕಿಟಕಿಗಳನ್ನು ಬಡಗಿಯೊಬ್ಬನಿಗೂ ಒಳಗುತ್ತಿಗೆ ಕೊಟ್ಟಿದ್ದಾನೆ. ಗೃಹಸ್ಥನು ಒಂದು ಕಂತನ್ನೂ ತಪ್ಪಿಸಿಲ್ಲ. ಹೀಗಿರಲು ಒಂದು ಮುಂಜಾನೆ ಮೇಸ್ತ್ರಿಯ ಸುಳಿವಿಲ್ಲ. ಹೊಸ್ತಿಲ ಬಳಿ ಟೈಲ್ಸಿನವನು ನಿಂತಿದ್ದಾನೆ.

“ಯಜಮಾನ್ರೆ, ನನ್ನ ರೊಕ್ಕ?”

ಇಬ್ಬರೂ ಸತ್ಯವಂತರೇ. ಒಬ್ಬನು ಕೊಟ್ಟಿದ್ದಾನೆ, ಇನ್ನೊಬ್ಬನಿಗೆ ಮುಟ್ಟಿಲ್ಲ.

ಅಮೆರಿಕದಲ್ಲಾಗಿದ್ದರೆ ಈ ಬಾಕಿಯು ಮನೆಯ ಮೇಲೆಯೇ ಏರಿ ಕುಳಿತುಕೊಳ್ಳಬಹುದಿತ್ತು. ವಾಷಿಂಗ್ಟನ್ ನಗರವನ್ನು ಕಟ್ಟಹೊರಟ ಕಾಲದಲ್ಲಿ, 1791ರಲ್ಲಿ, ಮೇರಿಲ್ಯಾಂಡ್ ರಾಜ್ಯವು ಕಟ್ಟಡದ ಕೆಲಸಗಾರರಿಗೆ ಇಂಥ ಹಕ್ಕನ್ನು ಶಾಸನದ ಮೂಲಕ ಕೊಟ್ಟಿತು. ನಮ್ಮಲ್ಲಿ ಅಂಥ ಶಾಸನವಿಲ್ಲ. ಗೃಹಸ್ಥನ ಕರಾರು ಮೇಸ್ತ್ರಿಯೊಡನೆ, ಟೈಲ್ಸಿನವನ ಕರಾರೂ ಮೇಸ್ತ್ರಿಯೊಡನೆ. ಆದುದರಿಂದ ಸಾಮಾನ್ಯವಾಗಿ ಆತನು ಕೇಳಬೇಕಾದುದು ಮೇಸ್ತ್ರಿಯನ್ನೇ.

ಬಡಗಿಯ ವಿಷಯ ತುಸು ಬೇರೆ. 1872ರ ಭಾರತೀಯ ಕರಾರು ಕಾಯಿದೆಯ 170ನೆಯ ಕಲಮು ಒಂದು ವಜ್ರದ ಉದಾಹರಣೆಯನ್ನು ಕೊಡುತ್ತದೆ: ಹರಳನ್ನು ಕೊರೆದು ಹೊಳಪುಗೊಳಿಸಲು ತೆಗೆದುಕೊಂಡ ರತ್ನಕಾರನು ಕೂಲಿ ಸಲ್ಲುವವರೆಗೆ ಅದನ್ನು ಇಟ್ಟುಕೊಳ್ಳಬಹುದು. ಗೃಹಸ್ಥನು ತಾನೇ ಸಾಗುವಾನಿಯನ್ನು ಒಯ್ದುಕೊಟ್ಟು ಬಾಗಿಲು ಮಾಡಲು ಹೇಳಿದ್ದರೆ, ಬಡಗಿಯೂ ಆ ರತ್ನಕಾರನಂತೆಯೇ. ಬಾಗಿಲು ಅವನ ವಶದಲ್ಲಿರುವಷ್ಟು ಕಾಲ ಈ ಹಕ್ಕು; ಒಪ್ಪಿಸಿ ಚೌಕಟ್ಟಿಗೆ ಕೂರಿಸಿದ ಮೇಲೆ ಅದು ಕಳೆಯಿತು.

ಇಷ್ಟರಿಂದ ಗೃಹಸ್ಥನು ನಿಶ್ಚಿಂತನಾಗಬಹುದೆ? ಆಗಬಹುದು, ಬಾಯಿ ಬಿಗಿಹಿಡಿದರೆ. ನಮ್ಮ ಜನಕ್ಕೆ ಅದೇ ಕಷ್ಟ. ಗೃಹಪ್ರವೇಶದ ದಿನ ಸಮೀಪಿಸಿದೆ, ಕೆಲಸ ನಿಂತಿದೆ, ಎದುರಿಗಿರುವವನ ಮುಖ ಬಾಡಿದೆ. “ನೀನು ಮುಗಿಸಪ್ಪಾ, ಅವನು ಕೊಡದಿದ್ದರೆ ನಾನಿದ್ದೇನೆ” ಎಂಬ ಮಾತು ತಾನಾಗಿ ಹೊರಡುತ್ತದೆ. ಅದು ಬರಿಯ ಸಮಾಧಾನವಲ್ಲ, ಜಾಮೀನು! ಇಂಗ್ಲೆಂಡಿನಲ್ಲಿ 1677ರ ಶಾಸನದಿಂದ ಜಾಮೀನಿಗೆ ಬರಹ ಬೇಕು. ನಮ್ಮ ಕಾಯಿದೆಯ 126ನೆಯ ಕಲಮಾದರೋ ಬಾಯಿಮಾತಿನ ಜಾಮೀನನ್ನೂ ಒಪ್ಪುತ್ತದೆ. ಆ ಮಾತನ್ನು ನಂಬಿ ಅವನು ನೆಲ ಮುಗಿಸಿದರೆ, ಸಾಕ್ಷಿ ನುಡಿಯುವವರು ಸಿಕ್ಕರೆ, ಗೃಹಸ್ಥನು ಒಂದೇ ಕೆಲಸಕ್ಕೆ ಎರಡು ಸಲ ತೆರಬೇಕಾದೀತು.

ಉಪಾಯವು ಅಸ್ತಿಭಾರದ ದಿನವೇ ಇದೆ. ಕರಾರುಪತ್ರದಲ್ಲಿ ಒಳಗುತ್ತಿಗೆಯವರ ಹೆಸರುಗಳನ್ನು ಬರೆಸಬೇಕು. ಮುಂದಿನ ಕಂತು ಬೇಕಾದರೆ ಹಿಂದಿನ ಕಂತಿನಲ್ಲಿ ಅವರಿಗೆ ಸಂದ ಹಣದ ರಸೀದಿಯನ್ನು ಮೇಸ್ತ್ರಿಯು ತರಬೇಕು. ಎಲ್ಲಕ್ಕಿಂತ ಮುಖ್ಯವಾದ ಷರತ್ತೆಂದರೆ, ಮೇಸ್ತ್ರಿಯು ಕೊಡದೆ ಉಳಿಸಿದ್ದನ್ನು ಗೃಹಸ್ಥನು ನೇರವಾಗಿ ಕೊಟ್ಟು ಮೇಸ್ತ್ರಿಯ ಲೆಕ್ಕದಲ್ಲಿ ಮುರಿದುಕೊಳ್ಳಬಹುದು ಎಂಬುದು. ಮುರಿದುಕೊಳ್ಳಲು ಕೈಯಲ್ಲಿ ಹಣವಿರಬೇಕಷ್ಟೆ. ಆದ್ದರಿಂದ ಕೊನೆಯ ಕಂತು ದೊಡ್ಡದಾಗಿರಲಿ. ನೆಂಟನಾದ ಮೇಸ್ತ್ರಿಯೊಡನೆ ಕಾಗದವೇಕೆಂದು ಸಂಕೋಚಪಡುವವರೇ ಹೆಚ್ಚು. ಆ ಸಂಕೋಚದ ಬೆಲೆಯನ್ನು ತೆರುವವನು ಹಲವು ಸಲ ಟೈಲ್ಸಿನವನು.

ಅವನಿಗೂ ದಾರಿಯಿಲ್ಲದಿಲ್ಲ. ಹಾಕಿದ ಚದರಡಿಯ ಲೆಕ್ಕವನ್ನು ಪುಸ್ತಕದಲ್ಲಿ ಬರೆದು ಮೇಸ್ತ್ರಿಯ ರುಜು ಪಡೆದಿದ್ದರೆ, ಹರಿಹರದ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. 1963ರ ಕಾಲಮಿತಿ ಕಾಯಿದೆಯ ಪ್ರಕಾರ, ಕೆಲಸ ಮುಗಿದಂದಿನಿಂದ 3 ವರ್ಷಗಳ ಒಳಗೆ.