‘ಹುಷಾರು’ ಅಂದರೆ ಸಾಲದು

ವಾರಕ್ಕೆ ಮೂರು ದಿನ, ಬೆಳಗ್ಗೆ ಆರಕ್ಕೆ, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನನ್ನ ಬಲಗೈಗೂ ಒಬ್ಬ ಹುಡುಗನ ಎಡಗೈಗೂ ಹಳೇ ಶೂ ಲೇಸಿನ ಗಂಟು ಬೀಳುತ್ತದೆ. ಅವನು ಬಿ.ಎ. ವಿದ್ಯಾರ್ಥಿ, ಓಟಗಾರ, ಕಣ್ಣು ಕಾಣುವುದಿಲ್ಲ. ನಾನು ನಲವತ್ತಾರು ದಾಟಿದ ಬ್ಯಾಂಕ್ ನೌಕರ. ಜತೆಗೆ ಓಡಿ ದಾರಿ ಹೇಳುವ ‘ಗೈಡ್ ರನ್ನರ್’ ಕೆಲಸ ನನ್ನದು.

ಮೊದಲ ದಿನ ದೊಡ್ಡ ಉಪಕಾರ ಮಾಡಲು ಹೊರಟವನಂತೆ ಹೋಗಿದ್ದೆ. ಅರ್ಧ ಸುತ್ತಿಗೇ ದಮ್ಮು ಕಟ್ಟಿತು. ‘ಸಾರ್, ನಿಧಾನ ಮಾಡ್ಲಾ?’ ಎಂದು ಅವನೇ ಕೇಳಿದ. ಆಮೇಲೆ ಮರದ ಬೇರೊಂದು ಅಡ್ಡ ಬಂತು. ‘ಹುಷಾರು!’ ಎಂದು ಕೂಗಿದೆ. ಅವನು ಎಡವಿ ಬಿದ್ದ. ಮೊಣಕಾಲಿನ ಮಣ್ಣು ಒರೆಸಿಕೊಳ್ಳುತ್ತಾ, ‘ಹುಷಾರು ಅಂದ್ರೆ ನಿಮಗೆ ಭಯ ಆಗಿದೆ ಅಂತ ಗೊತ್ತಾಗುತ್ತೆ ಸಾರ್, ಕಾಲು ಎತ್ತಬೇಕೋ, ಪಕ್ಕಕ್ಕೆ ಸರೀಬೇಕೋ ಗೊತ್ತಾಗಲ್ಲ’ ಎಂದ.

ಆ ಮಾತು ಬ್ಯಾಂಕಿನವರೆಗೂ ಬೆನ್ನು ಹತ್ತಿ ಬಂತು. ಪಿಂಚಣಿಗೆ ಬರುವ ವೃದ್ಧರಿಗೆ ‘ಅಲ್ಲಿ ಕೇಳಿ’ ಎಂದು ಬೆರಳು ತೋರಿಸಿ ಇಪ್ಪತ್ತು ವರ್ಷ ಕಳೆದಿದ್ದೇನೆ. ಈಗ ‘ನಿಮ್ಮ ಎಡಕ್ಕೆ, ಎರಡನೇ ಕೌಂಟರ್’ ಎನ್ನುತ್ತೇನೆ. ಮನೆಯಲ್ಲಿ ಅಪ್ಪನಿಗೂ ಬಚ್ಚಲ ಬಾಗಿಲಲ್ಲಿ ‘ಜೋಪಾನ’ ಎಂದು ಕಿರುಚುವುದಿಲ್ಲ, ‘ಒಂದು ಮೆಟ್ಟಿಲು ಕೆಳಗೆ’ ಎನ್ನುತ್ತೇನೆ. ಹಾಗಾದರೆ ಸೇವೆ ಯಾರಿಂದ ಯಾರಿಗೆ ನಡೆಯಿತು?

ಪೂರ್ತಿ ದೃಷ್ಟಿ ಇಲ್ಲದವರ ಓಟದಲ್ಲಿ ಒಂದು ನಿಯಮವಿದೆ: ಗೈಡ್ ಓಟಗಾರನಿಗಿಂತ ಮೊದಲು ಗುರಿ ಗೆರೆ ದಾಟಿದರೆ ಅನರ್ಹತೆ. ಗೈಡ್ ಆಗಲು ಓಟಗಾರನಿಗಿಂತ ವೇಗವಾಗಿ ಓಡಬಲ್ಲವನು ಬೇಕು, ಆದರೆ ಕೊನೆಯಲ್ಲಿ ಅರ್ಧ ಹೆಜ್ಜೆ ಹಿಂದೆ ನಿಲ್ಲಬಲ್ಲವನಾಗಿರಬೇಕು. ಚಿಕ್ಕಮಗಳೂರು ಜಿಲ್ಲೆಯ ಅಂಧ ಓಟಗಾರ್ತಿ ರಕ್ಷಿತಾ ರಾಜು 2023ರಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದ 1500 ಮೀಟರ್ ಓಟದಲ್ಲಿ ಚಿನ್ನ ಗೆದ್ದಾಗ ಪಕ್ಕದಲ್ಲಿ ಗೈಡ್ ಆಗಿ ರಾಹುಲ್ ಬಾಲಕೃಷ್ಣ ಓಡುತ್ತಿದ್ದರು. ಪ್ರತಿ ಹೆಜ್ಜೆಯನ್ನೂ ಓಡಿ, ಗೆರೆಯ ಬಳಿ ಇನ್ನೊಬ್ಬರನ್ನು ಮುಂದೆ ಬಿಡುವ ಅಭ್ಯಾಸವನ್ನು ನಮಗೆ ಯಾವ ಶಾಲೆಯೂ ಕಲಿಸಿಲ್ಲ.

ಅದಕ್ಕೇ ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನದ ಸಡಗರ ನನಗೆ ಕಸಿವಿಸಿ ತರುತ್ತದೆ. ಟೀ ಶರ್ಟ್, ಬಾಳೆಹಣ್ಣು, ಗ್ರೂಪ್ ಫೋಟೊ, ಸ್ವಯಂಸೇವಕರಿಗೆ ಸರ್ಟಿಫಿಕೇಟ್. ಒಂದು ದಿನಕ್ಕೆ ಬಂದವರು ಕರುಣೆ ಹೊತ್ತು ಬರುತ್ತಾರೆ, ಅದನ್ನೇ ಹೊತ್ತು ಹೋಗುತ್ತಾರೆ. ಬೀಳಿಸಿ, ಬೈಸಿಕೊಂಡು, ಮತ್ತೆ ಬರುವಷ್ಟು ದಿನ ಇದ್ದವರಿಗೆ ಮಾತ್ರ ಕರುಣೆ ಕರಗುತ್ತದೆ. ಕ್ರೀಡೆಯಲ್ಲಿ ಭಾಗವಹಿಸುವ ಅವಕಾಶವನ್ನು ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಸರ್ಕಾರದ ಹೊಣೆ ಮಾಡಿದೆ. ಹಕ್ಕಿನ ಜಾಗದಲ್ಲಿ ನಮ್ಮ ಔದಾರ್ಯಕ್ಕೆ ಚಪ್ಪಾಳೆ ಏಕೆ? ಕಾಲೇಜುಗಳು ಸೇವೆಗೆ ಅಂಕ ಕೊಡುವುದಾದರೆ ಒಂದು ದಿನದ ಹಾಜರಿಗೆ ಬೇಡ, ಒಂದು ಪೂರ್ತಿ ಸೆಮಿಸ್ಟರಿಗೆ ಕೊಡಲಿ. ಅದಕ್ಕೂ ಮೊದಲು ಮಕ್ಕಳ ಕಣ್ಣು ಕಟ್ಟಿ, ಗೆಳೆಯನ ಮಾತು ನಂಬಿ ನೂರು ಮೀಟರ್ ಓಡುವಂತೆ ಮಾಡಲಿ.

ನನ್ನದೊಂದು ಸ್ವಾರ್ಥವಿಲ್ಲದ ಕೋರಿಕೆಯೂ ಇದೆ. ಹುಡುಗನ ವೇಗ ಏರುತ್ತಿದೆ, ನನ್ನದು ಏರುತ್ತಿಲ್ಲ. ನಾನೀಗ ಅವನ ಕಾಲಿಗೆ ಕಟ್ಟಿದ ಕಲ್ಲು. ಓವಲ್ ಮೈದಾನದಲ್ಲೋ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲೋ ಬೆವರು ಹರಿಸುವ ಇಪ್ಪತ್ತರ ತರುಣರಲ್ಲಿ ಯಾರಾದರೂ ಬನ್ನಿ. ಶೂ ಲೇಸ್ ಕೊಡುತ್ತೇನೆ. ಕೊಡುವಾಗ ನನಗೆ ಹೊಟ್ಟೆಕಿಚ್ಚಾಗುವುದಂತೂ ಖಂಡಿತ.