ಶಿಲುಬೆಯೂ ಮಾರ್ಫಿನ್ನೂ

1954ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಕೆಲವು ವೈದ್ಯರು ಹೊರಟಿದ್ದ ವಾಹನ ಅಪಘಾತಕ್ಕೀಡಾಯಿತು. ಅದರಲ್ಲಿದ್ದ ಡಾ. ಮೇರಿ ವರ್ಗೀಸ್ ಅವರ ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲುಗಳ ಸ್ವಾಧೀನ ಹೋಯಿತು. ಆಗಿನ್ನೂ ಅವರಿಗೆ ಮೂವತ್ತು ತುಂಬಿರಲಿಲ್ಲ. ಅದೇ ಸಂಸ್ಥೆಯಲ್ಲಿ ಡಾ. ಪಾಲ್ ಬ್ರ್ಯಾಂಡ್ ಕುಷ್ಠದಿಂದ ಮುರುಟಿಹೋದ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸಿ, ಮತ್ತೆ ತುತ್ತು ಹಿಡಿಯುವಂತೆ, ಹಿಡಿಕೆ ಹಿಡಿಯುವಂತೆ ಮಾಡುತ್ತಿದ್ದರು. ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದು. ಮೇರಿ ಗಾಲಿಕುರ್ಚಿಯಲ್ಲಿ ಕುಳಿತು ಅದನ್ನು ಕಲಿತರು. ಮುಂದೆ ಆಸ್ಟ್ರೇಲಿಯಾದಲ್ಲೂ ನ್ಯೂಯಾರ್ಕಿನಲ್ಲೂ ಪುನಶ್ಚೇತನ ಚಿಕಿತ್ಸೆಯ ತರಬೇತಿ ಪಡೆದು ಬಂದರು. ತಮ್ಮಂತೆಯೇ ಕಾಲುಗಳ ಸ್ವಾಧೀನ ಕಳೆದುಕೊಂಡವರನ್ನು ಬದುಕಿಗೆ ಮರಳಿಸುವ ಕೇಂದ್ರವೊಂದು 1966ರಲ್ಲಿ ವೆಲ್ಲೂರಿನಲ್ಲಿ ಅವರ ನೇತೃತ್ವದಲ್ಲಿ ತೆರೆಯಿತು. 1972ರಲ್ಲಿ ಪದ್ಮಶ್ರೀ ಬಂತು.

ಇದನ್ನು ಛಲದ ಕಥೆಯಾಗಿ ಹೇಳಿ ಮುಗಿಸಬಹುದು. ಮೇರಿ ಹಾಗೆ ಹೇಳಿಕೊಳ್ಳಲಿಲ್ಲ. ಉಳಿದ ಎರಡು ಕೈಗಳಿಂದ ದೇವರಿಗೆ ಆಗಬೇಕಾದ ಕೆಲಸವಿದೆ ಎಂದು ಅವರು ನಂಬಿದ್ದರು. ಆ ನಂಬಿಕೆಯನ್ನು ಬದಿಗಿಟ್ಟು ಅವರನ್ನು ಹೊಗಳಿದರೆ ನಾವು ಅವರನ್ನು ಅರ್ಧವಷ್ಟೇ ನೋಡಿದಂತಾಯಿತು.

ಕ್ರೈಸ್ತ ಧರ್ಮ ನೋವಿಗೆ ಕಾರಣ ಹೇಳುವುದಕ್ಕಿಂತ ಹೆಚ್ಚಾಗಿ ನೋವಿನೊಳಗೆ ಜೊತೆಗಾರನೊಬ್ಬನನ್ನು ತೋರಿಸುತ್ತದೆ. ಅದರ ದೇವರು ಮೇಲೆ ಕುಳಿತು ನೋಡುವವನಲ್ಲ, ಮೊಳೆ ಹೊಡೆಸಿಕೊಂಡವನು. ಗೆತ್ಸೆಮನೆಯ ತೋಟದಲ್ಲಿ ಯೇಸುವೇ ಈ ಸಂಕಟ ತನಗೆ ತಪ್ಪಲಿ ಎಂದು ಬೇಡಿಕೊಂಡ. ಆದ್ದರಿಂದ ನೋವು ಬೇಡವೆನ್ನುವುದು ಅವಿಶ್ವಾಸವಲ್ಲ. ಗುಂಡೇಟು ತಿಂದು ಬದುಕುಳಿದ ಮೂರು ವರ್ಷಗಳ ನಂತರ, 1984ರಲ್ಲಿ, ಪೋಪ್ ಎರಡನೆಯ ಜಾನ್ ಪಾಲ್ ಬರೆದ ದೀರ್ಘ ಪತ್ರದಲ್ಲಿ ರೋಗಿಯ ನೋವು ಕ್ರಿಸ್ತನ ಪಾಡುಗಳಲ್ಲಿ ಪಾಲು ಪಡೆಯಬಲ್ಲದು ಎಂಬ ವಿಚಾರವಿದೆ. ಅದೇ ಪತ್ರ ಕೊನೆಯ ಭಾಗದಲ್ಲಿ ಒಳ್ಳೆಯ ಸಮಾರ್ಯದವನ ಕಥೆಗೆ ಬರುತ್ತದೆ. ದಾರಿಯಲ್ಲಿ ಬಿದ್ದವನ ಗಾಯಕ್ಕೆ ಎಣ್ಣೆ ಹಾಕಿದವನ ಕಥೆ ಅದು. ಟೀಕಾಕಾರರು ಈ ಭಾಗವನ್ನು ಬಿಟ್ಟು ಓದುತ್ತಾರೆ. ಬೋಧಿಸುವವರಲ್ಲೂ ಅನೇಕರು ಹಾಗೆಯೇ.

ಕರ್ಮಫಲದ ಮಾತನ್ನು ಕೇಳುತ್ತ ಬೆಳೆದ ನಮ್ಮವರಿಗೆ ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯ ನೇರವಾಗಿ ತಾಕಬೇಕು. ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಪಾಪ ಮಾಡಿದವನು ಇವನೋ, ಇವನ ಹೆತ್ತವರೋ ಎಂದು ಕೇಳುತ್ತಾರೆ. ಇಬ್ಬರೂ ಅಲ್ಲ ಎಂಬುದು ಯೇಸುವಿನ ಉತ್ತರ. ಕುಷ್ಠವನ್ನು ಹಿಂದಿನ ಜನ್ಮದ ಪಾಪವೆಂದು ಬಗೆದ ನಾಡಿನಲ್ಲಿ ಆ ಉತ್ತರವೇ ಒಂದು ಬಿಡುಗಡೆ. (ಕ್ರೈಸ್ತ ಯುರೋಪೂ ಕುಷ್ಠರೋಗಿಗಳನ್ನು ಊರಾಚೆ ಇಟ್ಟಿತ್ತೆಂಬುದನ್ನು ಮರೆಯುವಂತಿಲ್ಲ.) ಆದರೆ ಉತ್ತರ ಅಲ್ಲಿಗೆ ನಿಲ್ಲದೆ, ದೇವರ ಕಾರ್ಯ ಇವನಲ್ಲಿ ತೋರಿಬರಲೆಂದು ಹೀಗಾಯಿತು ಎಂಬ ಅರ್ಥಕ್ಕೆ ಹೊರಳುತ್ತದೆ. ನಾನು ತಡವರಿಸುವುದು ಇಲ್ಲಿ. ಒಂದು ದಿನದ ಮಹಿಮೆಗಾಗಿ ಒಬ್ಬ ಮನುಷ್ಯ ಅಷ್ಟು ವರ್ಷ ಕತ್ತಲಲ್ಲಿ ಇರಬೇಕಿತ್ತೇ? ಇದು ಕುರುಡಿನ ಉದ್ದೇಶ ಹೇಳುವ ಮಾತಲ್ಲ, ಇನ್ನು ಮಾಡಬೇಕಾದ ಕೆಲಸದ ಮಾತು ಎಂದು ಕೆಲವರು ವ್ಯಾಖ್ಯಾನಿಸುತ್ತಾರೆ. ಹಗಲಿರುವಾಗಲೇ ಕೆಲಸ ಮಾಡಬೇಕೆಂದು ಯೇಸು ಕೂಡಲೇ ಹೇಳುವುದರಿಂದ ಆ ಓದಿಗೆ ಆಧಾರವಿದೆ, ನನ್ನ ಮನಸ್ಸೂ ಅತ್ತಲೇ ವಾಲುತ್ತದೆ. ಆದರೂ ಹಾಸಿಗೆ ಹಿಡಿದವರ ಕಿವಿಗೆ ಬೀಳುವುದು ಹೆಚ್ಚಾಗಿ ಮೊದಲನೆಯ ಅರ್ಥವೇ.

ಆ ಅರ್ಥ ಎಲ್ಲಿಗೆ ಒಯ್ಯಬಹುದು ಎಂಬ ವಾದಕ್ಕೆ ಎಲ್ಲರೂ ತೋರಿಸುವ ಜಾಗ ಕೋಲ್ಕತ್ತಾದ ಕಾಳಿಘಾಟ್. ಮದರ್ ತೆರೇಸಾ 1952ರಲ್ಲಿ ತೆರೆದ ಮರಣಾಸನ್ನರ ಮನೆಯನ್ನು ನೋಡಿಬಂದ ಲ್ಯಾನ್ಸೆಟ್ ವೈದ್ಯಪತ್ರಿಕೆಯ ಸಂಪಾದಕ ರಾಬಿನ್ ಫಾಕ್ಸ್ 1994ರಲ್ಲಿ ತಾನು ಕಂಡದ್ದನ್ನು ಬರೆದ. ಶುಚಿತ್ವ, ಗಾಯಗಳ ಆರೈಕೆ, ಅಕ್ಕರೆ ಎಲ್ಲವನ್ನೂ ಮೆಚ್ಚಿದ. ಆದರೆ ತೀವ್ರ ನೋವನ್ನು ತಗ್ಗಿಸುವ ಔಷಧವಿರಲಿಲ್ಲ. ಸಮರ್ಥನೆ ಕೂಡಲೇ ಬಂತು, ಅದು ಸುಳ್ಳೂ ಅಲ್ಲ: 1985ರ ಮಾದಕವಸ್ತು ಕಾಯ್ದೆಯ ನಂತರ ಭಾರತದ ಆಸ್ಪತ್ರೆಗಳಿಗೇ ಅಂಥ ಔಷಧವಾದ ಮಾರ್ಫಿನ್ ದುರ್ಲಭವಾಗಿತ್ತು. ಕಾಯ್ದೆ ಸಡಿಲವಾದದ್ದು 2014ರಲ್ಲಿ. ಇನ್ನು ರೋಮಿನ ಸಭೆ ನೋವು ನಿವಾರಕಗಳ ವಿರುದ್ಧ ಇತ್ತೆಂದೂ ಹೇಳುವಂತಿಲ್ಲ. ಸಾಯುವವನ ನೋವು ತಗ್ಗಿಸುವ ಔಷಧ ಆಯುಷ್ಯವನ್ನು ತುಸು ಕಡಿಮೆ ಮಾಡುವುದಾದರೂ ಕೊಡಬಹುದೆಂದು ಪೋಪ್ ಹನ್ನೆರಡನೆಯ ಪಯಸ್ 1957ರಲ್ಲೇ ವೈದ್ಯರಿಗೆ ಹೇಳಿದ್ದರು.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಇನ್ನೊಬ್ಬರ ನೋವಿಗೆ ಅರ್ಥ ಹೇಳುವ ಅಧಿಕಾರ ಯಾರದು? ನೋವು ಕ್ರಿಸ್ತನ ಪಾಡುಗಳಲ್ಲಿ ಪಾಲು ಎಂದು ಮದರ್ ಬಹಿರಂಗವಾಗಿ ಹೇಳುತ್ತಿದ್ದರು. 2007ರಲ್ಲಿ ಪ್ರಕಟವಾದ ಅವರ ಪತ್ರಗಳನ್ನು ಓದಿದರೆ, ದಶಕಗಳ ಕಾಲ ದೇವರ ಸುಳಿವೇ ಇಲ್ಲದ ಕತ್ತಲನ್ನು ಅವರೂ ನುಂಗಿಕೊಂಡಿದ್ದು ತಿಳಿಯುತ್ತದೆ. ತಾವು ಹೊರದ ಹೊರೆಯನ್ನು ಅವರು ಇನ್ನೊಬ್ಬರ ಹೆಗಲಿಗೆ ಹಾಕಿದರು ಎನ್ನಲಾಗದು. ಆದರೆ ಬೀದಿಯಿಂದ ಆ ಮನೆಗೆ ಬಂದವರಲ್ಲಿ ಹಿಂದೂಗಳಿದ್ದರು, ಮುಸ್ಲಿಮರಿದ್ದರು. ತಮ್ಮ ನೋವಿಗೆ ಶಿಲುಬೆಯ ಅರ್ಥವನ್ನು ಅವರು ಆರಿಸಿಕೊಂಡಿರಲಿಲ್ಲ. ನನ್ನ ನೋವು ನನಗೆ ಕೊಡುವ ಅಧಿಕಾರ ನನ್ನ ನೋವಿನ ಮೇಲೆ ಮಾತ್ರ.

ಕುಡಿದು ಬಂದು ಹೊಡೆಯುವ ಗಂಡನನ್ನು ತಾಳಿಕೊಳ್ಳುವುದೇ ನಿನ್ನ ಶಿಲುಬೆ ಎಂದು ಹೆಂಗಸಿಗೆ ಹೇಳಿದಾಗ ಈ ಉಪದೇಶ ನೇರ ಅನ್ಯಾಯವಾಗುತ್ತದೆ. ಜರ್ಮನಿಯ ದೇವಶಾಸ್ತ್ರಜ್ಞೆ ಡೊರೊಥೆ ಸೊಲ್ಲೆ 1973ರಲ್ಲಿ ಕ್ರೈಸ್ತರೊಳಗಿನ ಈ ನೋವಿನ ಆರಾಧನೆಯನ್ನು ಒಳಗಿನವಳಾಗಿಯೇ ಖಂಡಿಸಿದಳು. ಬೈಬಲ್ಲಿನಲ್ಲೇ ಈ ಖಂಡನೆಗೆ ಸಾಕ್ಷಿಯಿದೆ. ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಅವನ ಪಕ್ಕ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಆಮೇಲೆ ಬಾಯಿ ತೆರೆದು ಅವನ ಸಂಕಟಕ್ಕೆ ಕಾರಣ ವಿವರಿಸತೊಡಗಿದರು. ಕೊನೆಗೆ ದೇವರು ಸಿಟ್ಟಾಗುವುದು ಆ ವಿವರಣೆಗಾರರ ಮೇಲೆ. ದೇವರೊಂದಿಗೆ ಅಷ್ಟು ಜಗಳವಾಡಿದ ಯೋಬನದೇ ಸರಿಯಾದ ಮಾತೆನಿಸಿಕೊಳ್ಳುತ್ತದೆ.

ಕ್ಯಾನ್ಸರಿನಿಂದ ನರಳುವ ನಾಲ್ಕು ವರ್ಷದ ಮಗುವಿನ ಮುಂದೆ ಮಾತ್ರ ಈ ಯಾವ ಉತ್ತರವೂ ನನಗೆ ಸಾಲುವುದಿಲ್ಲ. ಮೇರಿಗೆ ಒಂದು ಬದುಕಿತ್ತು, ಅರ್ಥ ಕಂಡುಕೊಳ್ಳಲು ವರ್ಷಗಳಿದ್ದವು. ಮಗುವಿಗೆ ಎರಡೂ ಇಲ್ಲ. ವಿಶ್ವಾಸಿಗಳು ಪುನರುತ್ಥಾನದ ಭರವಸೆಯನ್ನು ಮುಂದಿಡುತ್ತಾರೆ. ಆ ಭರವಸೆಯಿಂದ ತಾಯಿಯೊಬ್ಬಳು ರಾತ್ರಿ ಕಳೆಯುವುದಾದರೆ ಅದನ್ನು ಕಿತ್ತುಕೊಳ್ಳುವ ಹಕ್ಕು ನನಗಿಲ್ಲ. ಅದು ಆ ನೋವಿಗೆ ವಿವರಣೆಯೆಂದು ಒಪ್ಪಲೂ ಆಗುವುದಿಲ್ಲ.

ವಿವರಣೆ ಸಿಗದಿದ್ದರೂ ನೋವನ್ನು ತಗ್ಗಿಸಬಹುದು. ಆ ದಾರಿ ತೋರಿದ ಲಂಡನ್ನಿನ ವೈದ್ಯೆ ಸಿಸಿಲಿ ಸಾಂಡರ್ಸ್ ಗಾಢ ವಿಶ್ವಾಸಿ. 1948ರಲ್ಲಿ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ಯಹೂದಿ ರೋಗಿ ಸಾಯುವಾಗ, ಆಕೆ ಮುಂದೆ ಕಟ್ಟಬೇಕೆಂದಿದ್ದ, ಸಾಯುವವರ ಆರೈಕೆಯ ಮನೆಗಾಗಿ 500 ಪೌಂಡ್ ಬಿಟ್ಟುಹೋದ. ಆ ಮನೆ, ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್, ತೆರೆದದ್ದು 1967ರಲ್ಲಿ. ಅದಕ್ಕೂ ಮೊದಲು ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಇನ್ನೊಂದು ಹಾಸ್ಪೀಸಿನಲ್ಲಿ, ರೋಗಿ ನರಳಿ ಕೇಳುವವರೆಗೆ ಕಾಯದೆ ನೋವು ಮರುಕಳಿಸುವ ಮುಂಚೆಯೇ ಹೊತ್ತು ಹೊತ್ತಿಗೆ ಮಾರ್ಫಿನ್ ಕೊಡುವ ಕ್ರಮವನ್ನು ಆಕೆ ನೆಲೆಗೊಳಿಸಿದ್ದಳು. ನೋವಿನಲ್ಲಿ ದೇಹದ ಪಾಲಿದೆ, ಮನಸ್ಸಿನದಿದೆ, ಮನೆಯವರ ಚಿಂತೆಯದಿದೆ, ಆತ್ಮದ್ದೂ ಇದೆ ಎಂದು ಹೇಳಿಕೊಟ್ಟವಳೂ ಅವಳೇ. ಬೆಂಗಳೂರಿನ ಕರುಣಾಶ್ರಯದಂಥ ಇಂದಿನ ಹಾಸ್ಪೀಸುಗಳು ನಡೆಯುತ್ತಿರುವುದು ಈ ತಿಳಿವಳಿಕೆಯ ಮೇಲೆ. ಮೊದಲು ಔಷಧ, ಅರ್ಥದ ಮಾತು ಅದರ ನಂತರ, ಅದೂ ರೋಗಿಯೇ ಎತ್ತಿದರೆ.