ಬಂದೂಕಿಗೆ ಬಣ್ಣ ಯಾಕ್ರೀ?

ಇಲ್ಲಿ ಏನಾದ್ರೂ ಬರೆದು ಬಹಳ ದಿನ ಆಯ್ತು. ರಿಲೀಸು, ಬಗ್ಗು, ಅಪರಾತ್ರಿಯ ಕಾಲುಗಳು... ಅದೇ ಹಳೇ ಗೋಳು, ಬಿಡಿ. ಈ ಸಲ ಬರೆಸ್ತಿರೋದು ಸಿಟ್ಟು. ಅರ್ಧ ಸಿಟ್ಟು ಬೇರೆಯವರ ಮೇಲೆ, ಇನ್ನರ್ಧ ನನ್ನ ಮೇಲೇ.

ದಸರಾಕ್ಕೆ ಸುರಪುರಕ್ಕೆ ಹೋಗಿದ್ದೆ. ನಮ್ಮ ಮನೆಯಲ್ಲಿ ಅಪ್ಪನ ಕಾಲದ ಒಂದು ಏರ್ ರೈಫಲ್ ಇದೆ. ನಳಿಗೆ ಬಗ್ಗಿಸಿ, ಒಂದೊಂದೇ ಪೆಲೆಟ್ ಹಾಕಿ ಹೊಡೆಯೋದು. ಹೊಲದ ಬೇವಿನ ಮರಕ್ಕೆ ಹಲಗೆ ಕಟ್ಟಿ, ಅದಕ್ಕೆ ಹಾಳೆ ಅಂಟಿಸಿ ಗುರಿ ಹೊಡೆಯೋದು ಅಪ್ಪನ ಹಳೇ ಚಟ. ನನಗೂ ಅಂಟಿದೆ. ಶಹಾಪುರದ ಅಕ್ಕನ ಮಗನಿಗೂ ಅಂಟಿದೆ. ಪಿಯುಸಿ ಓದ್ತಿರೋ ಆ ಪುಣ್ಯಾತ್ಮ ನಾನು ಚಪ್ಪಲಿ ಬಿಡೋಕ್ಕಿಂತ ಮುಂಚೆ ಶುರು ಮಾಡಿದ: "ಮಾಮಾ, ಬಂದೂಕಿಗೆ ಬಣ್ಣ ಹೊಡಸೋಣು. ಯಾದಗಿರಿಯಾಗ ಬೈಕಿನ ಟ್ಯಾಂಕಿಗೆ ಮಸ್ತ್ ಪೇಂಟ್ ಮಾಡೋನು ಒಬ್ಬ ಅದಾನ. ಮೂರು ಸಾವಿರ ಅಂದಾನ." ಮೂರು ಸಾವಿರ ಯಾರು ಕೊಡಬೇಕು? ಬೆಂಗಳೂರಿನ ಸಾಫ್ಟ್‌ವೇರ್ ಮಾಮಾ! :-)

ಅವನ ಆಸೆ, ಮೊಬೈಲ್ ಗೇಮಿನಲ್ಲಿರೋ ಹಿಮದ ಬಣ್ಣದ ಬಂದೂಕಿನ ಹಾಗೆ ಕಾಣಬೇಕು ಅಂತ. ಅವನ ಗೆಳೆಯರದ್ದು ಬೇರೆ ವರಾತ. "ನಾವು ಸುರಪುರದ ಕಡೆಯವರು, ಎರಡೂ ಬದಿಗೆ ರಾಜಾ ವೆಂಕಟಪ್ಪ ನಾಯಕರ ಚಿತ್ರ ಬರಸ್ರಿ" ಅಂತ. ನಿಜ ಹೇಳಬೇಕಂದ್ರೆ ನಾನೂ ಹ್ಞೂಂ ಅಂದುಬಿಟ್ಟಿದ್ದೆ. ಲ್ಯಾಪ್‌ಟಾಪ್ ತೆಗೆದು ನಾಲ್ಕು ಬಣ್ಣಗಳನ್ನ ಕೂಡಿಸಿ ನೋಡಿಯೂ ಇದ್ದೆ.

ಖಂಡೇ ಪೂಜೆಯ ಬೆಳಿಗ್ಗೆ ಹುಡುಗ 'ಸ್ಯಾಂಪಲ್' ಅಂತ ನೀಲಿ ಸ್ಟಿಕ್ಕರ್ ಸುತ್ತಿದ. ಮಾಳಿಗೆ ಮೇಲೆ ಫೋಟೋ ಸೆಷನ್. ಫೋಟೋ ತೆಗೀತಿದ್ದವಳು ಅವನ ತಂಗಿ. ಒಳಗೆ ಹಿಂದಿನ ದಿನದ ಪೆಲೆಟ್ ಇತ್ತು, ಸ್ಪ್ರಿಂಗೂ ಎಳೆದೇ ಇತ್ತು. ಟಪ್ ಅಂತ ಸದ್ದು. ಅವಳ ಹಿಂದಿನ ನೀರಿನ ಪೈಪು ಸೀಳಿ ನೀರು ಚಿಮ್ಮಿತು. ಅವಳ ತಲೆಗೂ ಆ ಪೈಪಿಗೂ ನಡುವೆ ಒಂದು ಗೇಣು.

ಯಾರೂ ಬಯ್ಯಲಿಲ್ಲ. ಬಯ್ಯೋಕೆ ಯಾರಿಗೂ ಬಾಯೇ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹುಡುಗ ಅಂದ: "ಮಾಮಾ, ಆ ಸ್ಟಿಕ್ಕರ್ ಹಚ್ಚಿದ ಮ್ಯಾಲ ಅದು ಖರೇನ ಬಂದೂಕದ ಅಂತ ನನಗ ಅನ್ಸಲೇ ಇಲ್ಲ."

ನನ್ನ ವಾದ ಇಷ್ಟೇ. ಬಣ್ಣ ಬಂದೂಕನ್ನ ಚೆಂದ ಮಾಡುತ್ತೋ ಇಲ್ಲವೋ, ಅದು ಬಂದೂಕು ಅನ್ನೋದನ್ನ ಮರೆಸುತ್ತೆ.

ಗೇಮಿನ 'ಸ್ಕಿನ್' ಅಂದ್ರೆ ಏನು ಅಂತ ನನ್ನಂಥವನಿಗೆ ಗೊತ್ತಿರಬೇಕಿತ್ತು. ಅದೇ ಆಕೃತಿಯ ಮೇಲೆ ಎಳೆದ ಒಂದು ಚಿತ್ರ, ಅಷ್ಟೇ. ಒಳಗಿನ ಲೆಕ್ಕ ಬದಲಾಗಲ್ಲ, ಸತ್ತವನು ಮುಂದಿನ ಆಟಕ್ಕೆ ಎದ್ದು ಬರ್ತಾನೆ. ನಮ್ಮ ಮಾಳಿಗೆ ಮೇಲೆ ಆ ಸೌಲಭ್ಯ ಇಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್ ದಾಟದ, 4.5 ಮಿ.ಮೀ. ನಳಿಗೆಯ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಲೈಸೆನ್ಸ್ ಬೇಡ ಅಂದ್ರೆ ಆಟಿಕೆ ಅಂತಲ್ಲ. ಕಣ್ಣು ತೆಗೆಯೋಕೆ ಅಷ್ಟು ಶಕ್ತಿ ಧಾರಾಳ ಸಾಕು.

ಆಟಿಕೆಯ ಹಾಗೆ ಬಳಿದರೆ ಹಿಡಿದವನು ಮರೀತಾನೆ. ಮಿಲಿಟರಿಯ ಹಾಗೆ ಬಳಿದರೆ ನೋಡಿದವನು ಹೆದರ್ತಾನೆ. 2014ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಟಮೀರ್ ರೈಸ್ ಅನ್ನೋ ಹನ್ನೆರಡು ವರ್ಷದ ಹುಡುಗನ ಹತ್ತಿರ ಇದ್ದದ್ದು ಪ್ಲಾಸ್ಟಿಕ್ ಗುಂಡಿನ ಪಿಸ್ತೂಲು. ಆಟದ್ದು ಅಂತ ಗುರುತಿಸೋ ಕಿತ್ತಳೆ ಬಣ್ಣದ ತುದಿ ಅದಕ್ಕಿರಲಿಲ್ಲ. ಪೊಲೀಸರು ಬಂದು ಕ್ಷಣಗಳಲ್ಲೇ ಗುಂಡು ಹಾರಿಸಿದರು, ಹುಡುಗ ಸತ್ತ. ಅಲ್ಲಿಯ ಪೊಲೀಸರೇ ಬೇರೆ, ಇಲ್ಲಿಯವರೇ ಬೇರೆ, ಒಪ್ಪಿದೆ. ಆದ್ರೆ ಕಪ್ಪು-ಹಸಿರು ಪಟ್ಟೆಯ ಬಂದೂಕು ಹಿಡಿದು ಶಹಾಪುರದಿಂದ ಸುರಪುರಕ್ಕೆ ಬೈಕಿನಲ್ಲಿ ಬರೋ ಹುಡುಗನನ್ನ ನೋಡಿದವರು ಏನಂದ್ಕೊಬೇಕು?

ಇನ್ನು ಇಂಜಿನಿಯರಿಂಗ್ ಮಾತು. ಹಳೇ ಬಂದೂಕಿನ ಉಕ್ಕಿನ ಮೇಲಿರೋ ಆ ಕಪ್ಪು-ನೀಲಿ ಹೊಳಪು ಬಣ್ಣ ಅಲ್ಲ, ಬೇಕಂತಲೇ ಹಿಡಿಸಿದ ಒಂದು ಥರದ ತುಕ್ಕು. ಎಣ್ಣೆ ಹಿಡಿದಿಟ್ಟುಕೊಂಡು ಕೆಂಪು ತುಕ್ಕನ್ನ ತಡೆಯುತ್ತೆ. ಸ್ಪ್ರೇ ಹೊಡೆಯೋ ಮುಂಚೆ ಅದನ್ನ ಉಜ್ಜಿ ತೆಗೀತಾರೆ. ಥಿನ್ನರ್ ತಾಗಿದರೆ ನಳಿಗೆ ಬುಡದ ವಾಷರ್ ಹಾಳಾಗಬಹುದು, ಆಮೇಲೆ ಗಾಳಿ ಸೋರುತ್ತೆ. ಕುದುರೆಯ ಸಂದಿಗೆ ಬಣ್ಣ ಇಳಿದು ಗಟ್ಟಿಯಾದರೆ ಅದು ಸಿಕ್ಕಿಕೊಳ್ಳಬಹುದು. ಬೈಕಿನ ಟ್ಯಾಂಕಿಗೆ ಕುದುರೆ ಇಲ್ಲ ಸ್ವಾಮಿ!

ಈಗ ನಾಯಕರ ಚಿತ್ರದ ವಿಚಾರ. ಇದಕ್ಕೇ ನನಗೆ ಹೆಚ್ಚು ಸಿಟ್ಟು. ಬಂದೂಕು ಹೊಡೆಯುವಾಗ ಕೆನ್ನೆ ಒತ್ತೋದು ಆ ಕಟ್ಟಿಗೆಯ ಮೇಲೇ. ಹೊಡೆದಾದ ಮೇಲೆ ಅದನ್ನ ಗೋಡೆಗೆ ಆನಿಸ್ತೀವಿ, ನೆಲಕ್ಕೆ ಇಡ್ತೀವಿ. ನಾಯಕರ ಮುಖಕ್ಕೆ ನಿಮ್ಮ ಬೆವರು ಒರೆಸೋದು ಯಾವ ಅಭಿಮಾನ? 1705ರಲ್ಲಿ ಔರಂಗಜೇಬ ಆ ಇಳಿವಯಸ್ಸಿನಲ್ಲಿ ಖುದ್ದಾಗಿ ವಾಗಣಗೇರಾಕ್ಕೆ ಮುತ್ತಿಗೆ ಹಾಕಿದಾಗ ಅವನ ಸೈನ್ಯವನ್ನ ತಿಂಗಳುಗಟ್ಟಲೆ ಸತಾಯಿಸಿದ್ದು ನಮ್ಮ ಬೇಡರ ಗುರಿ. ದಖನ್ನಿನಲ್ಲಿ ಅವರ ಹೆಸರು ನಿಂತದ್ದು ಗುರಿಯಿಂದ. 1857ರಲ್ಲಿ ಹಲಗಲಿಯ ಬೇಡರು ಕುಂಪಣಿಯ ಕಾನೂನಿಗೆ ಹೆದರದೆ ಆಯುಧ ಒಪ್ಪಿಸಲ್ಲ ಅಂದ್ರು, ಊರೇ ಸುಟ್ಟುಹೋಯ್ತು. ಮರುವರ್ಷ ಇದೇ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದು, ಸೆರೆ ಸಿಕ್ಕು, ಪಿಸ್ತೂಲಿನ ಗುಂಡಿಗೇ ಪ್ರಾಣ ಬಿಟ್ಟರು. ಆತ್ಮಹತ್ಯೆಯೋ ಕೊಲೆಯೋ ಅನ್ನೋ ಚರ್ಚೆ ಇನ್ನೂ ಮುಗಿದಿಲ್ಲ. ಅಂಥವರ ಚಿತ್ರವನ್ನ ಬಂದೂಕಿನ ಮೇಲೇ ಬರೆಸ್ತೀವಿ ಅನ್ನೋರಿಗೆ ಈ ಕಥೆ ಗೊತ್ತಾ?

"ಟಿಪ್ಪುವಿನ ಬಂದೂಕುಗಳ ಮೇಲೆ ಹುಲಿ ಇರಲಿಲ್ವಾ?" ಅಂತ ಒಬ್ಬ ಗೆಳೆಯ ಕೇಳಿದ. ಇತ್ತು. ಆ ಹುಲಿಯನ್ನ ಕೂರಿಸಿದ್ದು ಬಂದೂಕು ಮಾಡೋ ಕಾರ್ಖಾನೆಯ ಕಸುಬುದಾರರು. ಎಲ್ಲಿ ಕೆತ್ತಬಹುದು, ಎಲ್ಲಿ ಮುಟ್ಟಬಾರದು ಅಂತ ಅವರಿಗೆ ಗೊತ್ತಿತ್ತು. ಒಲಿಂಪಿಕ್ಸ್‌ನಲ್ಲಿ ನೀಲಿ-ಕೆಂಪು ರೈಫಲ್ ಇರ್ತಾವಲ್ಲ ಅಂತ ಇನ್ನೊಬ್ಬ. ಹೌದು, ಇರ್ತಾವೆ. ಆದ್ರೆ ಅವು ತಯಾರಾಗೋವಾಗಲೇ ಬಂದ ಬಣ್ಣ, ಅವು ಇನ್ನೇನೋ ಆಗಿ ಕಾಣೋ ನಾಟಕ ಮಾಡಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. ಆ ಚುಕ್ಕೆ ನೋಡೋನಿಗೆ ಬಂದೂಕಿನ ಬಣ್ಣ ನೋಡೋಕೆ ಪುರಸೊತ್ತೆಲ್ಲಿ?

ಸಿಂಗಾರವೇ ಬೇಡ ಅಂತಲ್ಲ. ಕೊಡಗಿನಲ್ಲಿ ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬಕ್ಕೆ ಬಂದೂಕನ್ನ ಒರೆಸಿಟ್ಟು, 'ತೋಕ್ ಪೂ' ಅನ್ನೋ ಹೂವಿಟ್ಟು ಪೂಜೆ ಮಾಡ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿ ಹೊಡೆಯೋ ಪಂದ್ಯ. ಹೂವು ಬಾಡುತ್ತೆ, ಬಂದೂಕು ಬಂದೂಕಾಗೇ ಉಳಿಯುತ್ತೆ. ನಮ್ಮಲ್ಲೂ ಕುಂಕುಮ, ಚೆಂಡುಹೂ ಇದ್ದೇ ಇದೆ. ಸಾಲದಾ?

ಇನ್ನು ಬಣ್ಣದ ಹಸಿವೇ ಇದ್ರೆ, ಅದಕ್ಕೂ ಸುರಪುರ ಬಡ ಊರಲ್ಲ. ಗರುಡಾದ್ರಿ ಮನೆತನದವರು ಬಂಗಾರದ ರೇಕು ಹಚ್ಚಿ ಬರೆದ ಚಿತ್ರಗಳು ಈ ಊರಿನವೇ. ನಾಯಕರ ಚಿತ್ರ ಬರೆಸೋ ಹುಮ್ಮಸ್ಸಿನ ನಮ್ಮ ಹುಡುಗರಲ್ಲಿ ಒಬ್ಬನಿಗೂ ಆ ಹೆಸರು ಗೊತ್ತಿರಲಿಲ್ಲ. ನನಗೂ ಇಂಜಿನಿಯರಿಂಗ್ ಮುಗಿಯೋವರೆಗೆ ಗೊತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಕೊನೆಗೆ ತೀರ್ಮಾನ ಮಾಡಿದ್ದು ಅಪ್ಪ. ಅಷ್ಟೂ ಹೊತ್ತು ಸುಮ್ಮನೆ ಕೂತಿದ್ದವರು ಎದ್ದು ಸ್ಟಿಕ್ಕರ್ ಕಿತ್ತರು, ಕಟ್ಟಿಗೆಗೆ ಅಗಸೆ ಎಣ್ಣೆ ತಿಕ್ಕಿದರು. ಮೊಮ್ಮಗನಿಗೆ ಅಂದ್ರು: "ಬಂದೂಕಿನ ಮಾರಿ ಏನ್ ನೋಡ್ತೀಯೋ? ಅದು ಹೊಡದ ತೂತು ನೋಡು. ಬಣ್ಣ ಹಚ್ಚೂದಿದ್ರ ಗುರಿಗೆ ಹಚ್ಚು."

ಮೂರು ಸಾವಿರದಲ್ಲಿ ಮುನ್ನೂರು ಖರ್ಚಾಯ್ತು. ಬಣ್ಣ, ಕುಂಚ, ದಪ್ಪ ಹಾಳೆ. ಅಣ್ಣ-ತಂಗಿ ಇಬ್ಬರೂ ಕೂತು ಹನ್ನೆರಡು ಗುರಿ ಬರೆದರು. ನಡುವೆ ಕಪ್ಪು ಚುಕ್ಕೆ, ಸುತ್ತ ಬಂಗಾರದ ಬಣ್ಣದ ಬಳ್ಳಿ. ಈಗ ನಮ್ಮನೇಲಿ ಹೊಸ ಕಾನೂನು: ಬಂದೂಕಿನ ಬಾಯಿ ಯಾವತ್ತೂ ಮನುಷ್ಯರ ಕಡೆ ತಿರುಗಬಾರದು, ಹೊಲ ಬಿಟ್ಟು ಬೇರೆಲ್ಲೂ ಪೆಲೆಟ್ ಹಾಕಬಾರದು, ಬಂದೂಕು ಹಿಡಿದು ಫೋಟೋ ಇಲ್ಲ. ಬನ್ನಿ ಕೊಟ್ಟು ಅಪ್ಪನ ಕಾಲಿಗೆ ಬಿದ್ದ ಮೇಲೆ ಹೊಲಕ್ಕೆ ಹೋದ್ವಿ. ಹುಡುಗ ಹತ್ತು ಪೆಲೆಟ್ ಹೊಡೆದ, ಮೂರು ಬಳ್ಳಿಗೆ ಬಿದ್ದವು, ಏಳು ಬೇವಿನ ಮರಕ್ಕೆ. ಚುಕ್ಕೆಗೆ ಒಂದೂ ಇಲ್ಲ.

"ಬಣ್ಣ ಹಚ್ಚಿದ್ರ ಛಲೋ ಬೀಳ್ತಿತ್ತೇನೋ ಮಾಮಾ" ಅಂದ ಕಳ್ಳ.

ನೀವೇನಂತೀರಿ?